ಅಡಕತ್ತರಿಯೂ ಆರು ಪೌಂಡಿನ ಮೊಮ್ಮಗಳೂ

ಹೋದ ವಾರ ಇದೇ ಜಾಗದಲ್ಲಿ ನಾನೊಬ್ಬ ಕಳ್ಳನ ಬಗ್ಗೆ ಬರೆದಿದ್ದೆ. ನೆನಪಿದೆಯಾ?

ಕಳುವಾಗಿದ್ದು ನಮ್ಮಪ್ಪನ ಕಾಲದ ಅಡಕತ್ತರಿ. ಗಟ್ಟಿ ಕಬ್ಬಿಣದ್ದು. ಮದ್ದೂರಿನ ನನ್ನ ಬೆಲ್ಲದ ಮಂಡಿಯಲ್ಲಿ ಗಾದಿಯ ಬಲಗಡೆ ಅದರ ಜಾಗ. ಅದು ಕಾಣೆಯಾದ ಮೇಲೆ ನಾನು ಅಡಿಕೆಯನ್ನು ಹಲ್ಲಲ್ಲೇ ಕಡಿದು, ಒಂದು ದವಡೆ ಹಲ್ಲಿಗೂ ವಿದಾಯ ಹೇಳುವ ಹಂತಕ್ಕೆ ಬಂದಿದ್ದೆ. ಆ ಸಿಟ್ಟಿನಲ್ಲಿ, 'ಬಸರಾಳು ಕಡೆಯ ಒಬ್ಬ ರೈತ ನನ್ನ ಪಕ್ಕ ಕೂತು ಎಲೆಅಡಿಕೆ ಹಾಕಿಕೊಂಡು ಎದ್ದುಹೋದ, ಅಡಕತ್ತರಿಯೂ ಹೋಯಿತು, ಹೆಸರು ಮಾತ್ರ ಹೇಳಲಾರೆ' ಅಂತ ಬರೆದುಬಿಟ್ಟೆ.

ಹೆಸರು ಹೇಳದಿದ್ದರೇನು? ಬಸರಾಳು ಕಡೆಯಿಂದ ನನ್ನ ಮಂಡಿಗೆ ಬೆಲ್ಲ ತರುವವನು ಚಿಕ್ಕೇಗೌಡ ಒಬ್ಬನೇ. ಪೇಪರು ಓದದವರಿಗೂ ಗೊತ್ತಾಗಿಹೋಯಿತು.

ಅಡಕತ್ತರಿ ಸಿಕ್ಕಿದೆ. ಎಲ್ಲಿ ಅಂತ ಹೇಳಬೇಕಾದರೆ ನನ್ನ ಮೊಮ್ಮಗಳ ತೂಕದ ಕಥೆ ಹೇಳಬೇಕು. ಹೇಳದೆ ಇರೋಣ ಅಂದರೆ ಮನೆಯಾಕೆ ಬಿಡುತ್ತಿಲ್ಲ. 'ಚಿಕ್ಕೇಗೌಡನ ಮಾನ ಪೇಪರಲ್ಲಿ ತಗುದ್ರಲ್ಲ, ನಿಮ್ದೂ ಪೇಪರಲ್ಲೇ ಓಗ್ಲಿ' ಅಂತ ಹಟ ಹಿಡಿದಿದ್ದಾಳೆ.

ನನ್ನ ಮಗಳು ನಾಗು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಕೊಟ್ಟಿದ್ದು ಮಳವಳ್ಳಿಗೆ. ಹೆರಿಗೆ ಆದದ್ದು ಇಲ್ಲೇ, ಮಿಡ್‌ವೈಫ್ ಸುಂದರಮ್ಮ ನಡೆಸುವ ಎರಡು ಕೋಣೆಯ ಹೆರಿಗೆಮನೆಯಲ್ಲಿ. ಹೆಣ್ಣು ಮಗು. ಮನೆಯಾಕೆಯೇ ನೀರು ಹಾಕಿ, ಹಳೇ ಸೀರೆಯಲ್ಲಿ ಸುತ್ತಿ, ಗಂಟು ಮಾಡಿ ಹೊರಗೆ ತಂದಳು. ಮೂಗಿನ ತುದಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಸುಂದರಮ್ಮ ಸ್ಪ್ರಿಂಗ್ ತಕ್ಕಡಿ ಹಿಡಿದು ಬಂದರು. 'ಬಟ್ಟೆ ಬಿಚ್ಚಿ. ತೂಕ ಬರ್ಕೋಬೇಕು.'

'ಬಿಚ್ಚೋದಾ? ಹಸುಗೂಸ್ನ ಬತ್ಲೆ ಮಾಡಿ, ನಾಕ್ ಜನದ ಎದುರ್ಗೆ ನೇತಾಕಿ ತೂಗಾಕೆ ಇದೇನ್ ಕುಂಬಳಕಾಯಾ?' ಮನೆಯಾಕೆ ಗಂಟನ್ನು ಎದೆಗವಚಿಕೊಂಡಳು. ದೃಷ್ಟಿಯ ಭಯ.

ಸುಂದರಮ್ಮನೂ ಬಾಯಲ್ಲಿ ಕಡಿಮೆ ಇಲ್ಲ. 'ಬಟ್ಟೆ ತೂಕಕ್ಕೆ ಹೆಸರಿಡೋಕಾಗಲ್ಲ ಕಣಮ್ಮ. ನಂಗೆ ಮಗೂದು ಬೇಕು' ಅಂದರು.

ಆಗ ನಾನು ಎದ್ದುನಿಂತೆ. ಯಾರು ಕರೆದಿದ್ದರು? ಯಾರೂ ಇಲ್ಲ.

ತೂಕ ಅಂದರೆ ನಾನು ಅನ್ನುವುದು ಈ ಊರಿಗೇ ಗೊತ್ತು (ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ). ಬೆಲ್ಲದ ಅಚ್ಚನ್ನು ಅಂಗೈಲಿ ಇಟ್ಟರೆ ಸಾಕು, ತಕ್ಕಡಿಗಿಂತ ಮೊದಲು ಹೇಳುತ್ತೇನೆ. ರೈತ ತಂದ ಚೀಲವನ್ನು ಬಿಚ್ಚಿ, ಬುಡದ ತನಕ ಕೈ ಹಾಕಿ, ಕಲ್ಲುಗಿಲ್ಲು ಸೇರಿಸಿದ್ದಾನೋ ಅಂತ ತಡಕದೆ ಒಂದು ದಿನವೂ ತೂಗಿದವನಲ್ಲ. ಅಂಥ ನಾನು ಮೊಮ್ಮಗಳ ಗಂಟನ್ನು ಎರಡೂ ಕೈಲಿ ತೆಗೆದುಕೊಂಡು ಕಣ್ಣು ಮುಚ್ಚಿದೆ. ಬೆನ್ನಿನ ಹತ್ತಿರ ಏನೋ ಗಟ್ಟಿಯಾಗಿ ಅಂಗೈಗೆ ಒತ್ತಿತು. 'ಆಹಾ, ಮೂಳೆ ನೋಡಿ! ನಮ್ಮ ವಂಶದ್ದು' ಅಂದೆ. ಅಂದವನು ನಾನೇ, ಸ್ವಾಮಿ. ನಾಲ್ಕು ಜನ ಕೇಳಿಸಿಕೊಂಡಿದ್ದಾರೆ.

'ಆರೂವರೆ ಪೌಂಡು!'

ಗಂಟನ್ನು ಹಾಗೇ ಕೊಕ್ಕೆಗೆ ಹಾಕಿದರು. ಮುಳ್ಳು ನಿಂತದ್ದು ಆರೂವರೆಗೇ. ಆಗ ನನ್ನ ಮೀಸೆಯನ್ನು ನೀವು ನೋಡಬೇಕಿತ್ತು. 'ಸೀರೆ ಅರ್ಧ ಪೌಂಡು, ಕಳೀರಿ. ಆರು ಅಂತ ಬರೀರಿ' ಅಂದೆ. ಅಷ್ಟು ಹೊತ್ತಿಗೆ ಒಳಗಿನ ಕೋಣೆಯಲ್ಲಿ ಇನ್ನೊಬ್ಬಾಕೆ ಚೀರಿಕೊಂಡಳು. ಸುಂದರಮ್ಮ ನನ್ನ ಮುಖ ನೋಡಿದರು, ಗಂಟು ನೋಡಿದರು, ರಿಜಿಸ್ಟರಿನಲ್ಲಿ ಆರು ಅಂತ ಗೀಚಿ ಒಳಗೆ ಓಡಿದರು.

ಆ ಆರನ್ನು ನಾನು ಊರೆಲ್ಲ ಹಂಚಿದೆ. ಸಕ್ಕರೆ ಹಂಚಬೇಕಿತ್ತು, ಯುದ್ಧದ ಕಾಲ, ರೇಷನ್ನು. ಅದಕ್ಕೆ ಪೌಂಡು ಹಂಚಿದೆ. ಸ್ಟೇಷನ್ ಪ್ಲಾಟ್‌ಫಾರಮ್ಮಿನಲ್ಲಿ ಆರು ಇದ್ದದ್ದು ಸಂತೆಯಲ್ಲಿ ಏಳಾಯಿತು. ಮಳವಳ್ಳಿ ಬಸ್ಸು ಹತ್ತಿ ಬೀಗರ ಮನೆ ಮುಟ್ಟುವ ಹೊತ್ತಿಗೆ ಎಂಟು.

ಬೀಗಿತ್ತಿ ಆ ಎಂಟು ಪೌಂಡನ್ನು ನೋಡುವುದಕ್ಕೇ ಬಂದಿಳಿದರು. ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿದರು. 'ಇದೇನವ್ವ, ಇಲಿಮರಿ ಅಂಗದೆ? ಎಂಟು ಪೌಂಡ್ ಅಂದ್ರಲ್ಲ!'

ಅದೇ ವಾರ ಸುಂದರಮ್ಮ ಮಗುವನ್ನು ಮತ್ತೆ ತೂಗಲು ಕರೆಸಿದರು. ಈ ಸಲ ಅವರು ಯಾರ ಮಾತೂ ಕೇಳಲಿಲ್ಲ. ಬಟ್ಟೆಯೆಲ್ಲ ಬಿಚ್ಚಿ ಮನೆಯಾಕೆಯ ಕೈಗೆ ಕೊಟ್ಟು, ಬರೀ ಮಗುವನ್ನು ತೂಗಿದರು. ಐದೂಕಾಲು.

ಹಳೇ ಪುಟ ತೆಗೆದರು. ಆರು.

'ಮುಕ್ಕಾಲು ಪೌಂಡ್ ಇಳಿದಿದೆ' ಅಂದರು. ದನಿ ಮೆತ್ತಗಾಗಿತ್ತು, ಸುಂದರಮ್ಮನ ದನಿ ಮೆತ್ತಗಾದರೆ ಎಲ್ಲರಿಗೂ ಹೆದರಿಕೆ. 'ಮಗು ಹೀರುತ್ತೇನಮ್ಮ?'

'ಹೀರುತ್ತೆ' ಅಂದಳು ನಾಗು.

'ಹೀರಿದ್ರೆ ಇಳೀಬಾರ್ದಲ್ಲ ಇಷ್ಟು? ನಿನ್ನ ಹಾಲು ಸಾಲ್ತಾ ಇಲ್ಲ. ಡಬ್ಬಿ ಹಾಲು ಶುರು ಮಾಡ್ಬೇಕಾಗುತ್ತೆ.'

ಮನೆಗೆ ಬಂದರೆ ಬೀಗಿತ್ತಿಯದು ಶುರುವಾಯಿತು. 'ನಾನ್ ಅವತ್ತೇ ಅಂದೆ. ಇವ್ಳಿಗ್ ಆಲಿಲ್ಲ. ನಮ್ ವಂಸದ್ ಕೂಸ್ನ ಒಣಗಾಕಿ ಕೊಲ್ತಾ ಅವ್ಳೆ.' ನಾಗು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಊಟ ಒಲ್ಲೆ ಅಂದಳು. ಮಗುವನ್ನು ಮಡಿಲಿಗೆ ಕೊಟ್ಟರೆ, 'ನನ್ ಹತ್ರ ಏನಿಲ್ಲ, ತಗೊಂಡ್ ಹೋಗಿ' ಅಂತ ಅತ್ತಳು. ಇವಳು ಉಪವಾಸ ಬಿದ್ದರೆ ಇದ್ದ ಹಾಲೂ ಬತ್ತುತ್ತದೆ ಅಂತ ಮನೆಯಾಕೆ ಬೇಡಿಕೊಂಡಳು. ನಾಗು ಕೇಳಲಿಲ್ಲ. ನನ್ನ ಮಗಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಡಬ್ಬಿ ಹಾಲು ಮದ್ದೂರಲ್ಲೆಲ್ಲಿ? ಮಂಡ್ಯದಲ್ಲೂ ಇರಲಿಲ್ಲ. ಮೈಸೂರಿನಲ್ಲಿ ಯಾರದ್ದೋ ಶಿಫಾರಸಿಗೆ ಸಿಕ್ಕರೆ ಸಿಕ್ಕೀತು ಅಂತ ರೈಲಿಗೆ ಹೊರಟೆ. ಹೊರಡುವ ಮುಂಚೆ ಎಲೆ ಹಾಕಿಕೊಳ್ಳೋಣ ಅಂತ ಕೂತೆ. ಅಡಿಕೆ ಕಡಿದೆ. ದವಡೆ ಜುಮ್ಮೆಂದಿತು.

'ಹಾಳಾದವನು, ಆ ಚಿಕ್ಕೇಗೌಡ! ಅಡಕತ್ತರಿ ಹೊಡ್ಕೊಂಡು ಹೋಗಿ...'

'ಸಾಕ್ ಬುಡಿ!' ಮನೆಯಾಕೆ ಅಡುಗೆಮನೆಯಿಂದ ಕೂಗಿದಳು. 'ಮಗ ಇಂಗಾಗಿ ಕುಂತದೆ, ನಿಮ್ಗ್ ಅಡಕತ್ರಿ ಚಿಂತೆ. ಅದ್ ಎಲ್ಗೂ ಓಗಿಲ್ಲ. ಮಗೀನ್ ತಾವ್ ಮಡಗಿವ್ನಿ.'

'ಏನು?'

'ಬಾಣಂತಿ ಮನೇಲಿ ಕಬ್ಣ ಇರ್ಬೇಕು. ಗಾಳಿಗೀಳಿ ಸೋಕ್ದಂಗೆ. ನೋವ್ ಕಾಣಿಸ್ಕೊಂಡ್ ದಿನ ಮಂಡಿಯಿಂದ ಎತ್ಕೊಂಡ್ ಬಂದೆ. ಹುಟ್ಟಿದ್ ಗಳಿಗೆಯಿಂದ್ಲೂ ಬಟ್ಟೆ ಮಡಿಕೇಲಿ ಸೇರ್ಸಿವ್ನಿ. ನಿಮ್ಗ್ ಏಳುದ್ರೆ ಪೇಪರಲ್ಲಿ ಬರೀತೀರಿ, ಮೂಡನಂಬ್ಕೆ ಅಂತ.'

ಹೌದು, ಬರೆಯುತ್ತಿದ್ದೆ. ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ? ನಿಂಬೆಹಣ್ಣು, ಬೂದಿ, ತಾಯತ, ಒಂದನ್ನೂ ಬಿಡದೆ ಜಾಲಾಡಿಸಿದ್ದೇನೆ. ಅಂಧಶ್ರದ್ಧೆ ತೊಲಗಲಿಲ್ಲ. ನನ್ನ ಕಣ್ಣಿಗೆ ಬೀಳದ ಹಾಗೆ ಸೀರೆಯ ಮಡಿಕೆಯಲ್ಲಿ ಹೋಗಿ ಕೂತಿತು, ಅಷ್ಟೇ.

ಆಮೇಲೆ ತಲೆಯಲ್ಲಿ ಏನೋ ಟಣ್ ಅಂದಿತು.

'ಮೊದಲ ಸಲ ತೂಗುವಾಗಲೂ ಇತ್ತಾ?'

'ಇತ್ತು.'

'ಮೊನ್ನೆ?'

'ಮೊನ್ನೆ ಬಟ್ಟೆ ಜೊತೆ ನನ್ ಕೈಲಿತ್ತು.'

'ಅಲ್ಲ ಕಣೇ, ಅದೂ ತೂಕಕ್ಕೆ ಸೇರುತ್ತೆ ಅಂತ ಹೇಳಬಾರದಾ?'

'ನಂಗೇನ್ ಗೊತ್ತು? ತೂಕದೋರು ನೀವು!'

ಇದಕ್ಕೆ ಉತ್ತರ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಪತ್ರಿಕೆಗೆ ಬರೆದು ತಿಳಿಸಿ. ತೊಟ್ಟಿಲಿಗೆ ಕೈ ಹಾಕಿ, ಮಡಿಕೆಯಿಂದ ಅಡಕತ್ತರಿ ಎಳೆದುಕೊಂಡು ಓಡಿದೆ. ಚಪ್ಪಲಿ ಇಲ್ಲ, ಟೋಪಿ ಇಲ್ಲ. ಪೇಟೆಬೀದಿಯಲ್ಲಿ ಐವತ್ತು ದಾಟಿದ ಮಂಡಿ ಯಜಮಾನ ಅಡಕತ್ತರಿ ಎತ್ತಿ ಹಿಡಿದು ಓಡುತ್ತಿದ್ದರೆ ಜನ ಏನಂದುಕೊಳ್ಳಬೇಕು? 'ಚಿಕ್ಕೇಗೌಡ ಸಿಕ್ನಾ ಸ್ವಾಮಿ?' ಅಂತ ಒಬ್ಬ ಕೂಗಿದ.

ಸುಂದರಮ್ಮ ಅಡಕತ್ತರಿಯನ್ನು ಕೊಕ್ಕೆಗೆ ಸಿಕ್ಕಿಸಿದರು. ಸರಿಯಾಗಿ ಒಂದು ಪೌಂಡು. ಮೂವತ್ತು ವರ್ಷ ದಿನಾ ಕೈಲಿ ಹಿಡಿದ ವಸ್ತು, ಸ್ವಾಮಿ! ಅಂಗೈಗೆ ಒತ್ತಿದಾಗ ಗುರುತು ಹತ್ತಲಿಲ್ಲ. ವಂಶದ ಮೂಳೆ ಅಂದುಕೊಂಡೆ.

ಸುಂದರಮ್ಮ ಬೆರಳು ಮಡಿಸುತ್ತಾ ಹೇಳಿದರು: 'ಹುಟ್ಟಿದಾಗ ಐದು. ಈಗ ಐದೂಕಾಲು. ಮಗು ಇಳಿದಿಲ್ಲ, ಏರಿದೆ. ನಿಮ್ಮ ಮಗಳ ಹಾಲು ಚೆನ್ನಾಗಿದೆ ಕಣ್ರೀ! ಡಬ್ಬಿಗಿಬ್ಬಿ ಏನೂ ಬೇಡ.' ಹಾಗೆಂದವರಿಗೆ ಮರುಗಳಿಗೆ ಸಿಟ್ಟು ಬಂತು. 'ಐದು ಅಂತ ಗೊತ್ತಿದ್ದಿದ್ರೆ ಇನ್ನೊಂದು ವಾರ ಇಲ್ಲೇ ಇಟ್ಕೊಂಡು, ಬೆಚ್ಚಗೆ ನೋಡ್ಕೊಂಡು, ಗಂಟೆಗಂಟೆಗೆ ಹಾಲು ಕುಡಿಸ್ತಿದ್ದೆ. ಆರು ಅಂದ್ರಿ ಅಂತ ಮನೆಗೆ ಕಳಿಸ್ದೆ. ಬಿಚ್ಚದೆ ತೂಗಿದ್ದು ನಂದೂ ತಪ್ಪು. ನಿಮ್ಮ ಮೀಸೆ ನೋಡಿ ಬರೆದೆನಲ್ಲ!'

ರಿಜಿಸ್ಟರಿನಲ್ಲಿ ಆರು ಹೊಡೆದು ಐದು ಬರೆದರು. 'ಕಾರಣ ಬರೀಬೇಕು. ಏನಂತ ಬರೀಲಿ?'

'ಏನಾದರೂ ಬರೀರಿ ತಾಯಿ. ನನ್ನ ಹೆಸರು ಬೇಡ.'

'ಅಡಕತ್ತರಿ ಸಮೇತ ತೂಗಿದ್ದು' ಅಂತ ಬರೆದು ಅಡಿಗೆರೆ ಎಳೆದರು.

ಮನೆಗೆ ಬಂದು ನಾಗುವಿನ ಪಕ್ಕ ಕೂತು ಎಲ್ಲ ಹೇಳಿದೆ. ಅವಳು ಗೋಡೆ ಬಿಟ್ಟು ಈ ಕಡೆ ತಿರುಗಿದಳು. 'ಹಾಗಾದ್ರೆ ನನ್ ಹಾಲಲ್ಲೇ ಏರಿದ್ದಾ ಅಪ್ಪಾ?'

'ನಿನ್ನ ಹಾಲಲ್ಲೇ ಕಣವ್ವ. ಕಾಲು ಪೌಂಡು.'

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಮಗುವನ್ನು ಎತ್ತಿಕೊಂಡಳು. 'ಅವ್ವಾ, ಹಸಿವು. ಮುದ್ದೆ ಬಡ್ಸು' ಅಂದಳು. ಬಡಿಸಿದ್ದು ಬೀಗಿತ್ತಿ. ಕ್ಷಮೆ ಕೇಳಲಿಲ್ಲ. ಮುದ್ದೆಗೆ ತುಪ್ಪ ಮಾತ್ರ ಸುರಿದೇ ಸುರಿದರು.

ಒಂದು ಅಂಕಿ, ನೋಡಿ. ಎರಡು ವಾರ ಆ ಅಂಕಿ ನನಗೆ ಜಂಬ. ಅದೇ ಅಂಕಿ ನನ್ನ ಮಗಳನ್ನು ಮಗುವಿಗೆ ಹಾಲಿಲ್ಲದ ತಾಯಿ ಮಾಡಿಬಿಟ್ಟಿತ್ತು. ನಮ್ಮಲ್ಲಿ ಎಷ್ಟು ಜನ ಹೀಗೆ ಅಂದಾಜಿನ ಮೇಲೆ ಬರೆಸುತ್ತೇವೆ? ಸ್ಕೂಲಿಗೆ ಹುಟ್ಟಿದ ತಾರೀಕು, ಸಂಬಂಧ ಕುದುರಿಸಲು ವಯಸ್ಸು, ಬೀಗರ ಎದುರಿಗೆ ಫಸಲು. ಅದೆಲ್ಲ ನಡೆದುಹೋಗುತ್ತದೆ. ಐದು ಪೌಂಡಿನ ಮಗುವಿಗೆ ನಡೆಯುವುದಿಲ್ಲ. ಸುಂದರಮ್ಮ ಈಗ ಬಾಗಿಲಲ್ಲೇ ಬಟ್ಟೆ ಬಿಚ್ಚಿಸುತ್ತಾರಂತೆ, ಅಜ್ಜಿಯರನ್ನೂ ಅಜ್ಜಂದಿರನ್ನೂ ಹೊರಗೆ ನಿಲ್ಲಿಸುತ್ತಾರಂತೆ. ಅಜ್ಜಂದಿರನ್ನು ನಿಲ್ಲಿಸುವ ರೂಲು ಯಾರಿಂದ ಬಂತು ಅಂತ ಕೇಳಬೇಡಿ.

ಉಳಿದದ್ದು ಚಿಕ್ಕೇಗೌಡ. ಸೋಮವಾರ ಗಾಡಿ ಕಟ್ಟಿಕೊಂಡು ಬೆಲ್ಲ ತಂದ. ಮುಖ ಊದಿಕೊಂಡಿತ್ತು. ಗಾದಿಯಿಂದ ಇಳಿದು, ಮಂಡಿಯ ಹಮಾಲರ ಎದುರಿಗೇ ಕೈ ಮುಗಿದೆ. ಒಂದೂ ಬಿಡದೆ ಹೇಳಿದೆ.

ಅವನು ಪೂರ್ತಿ ಕೇಳಿದ. 'ಮಗ ಈಗ ಚೆನ್ನಾಗೈತಾ?' ಅಂದ.

'ಚೆನ್ನಾಗಿದೆ.'

'ತಾಯಿ?'

'ಚೆನ್ನಾಗಿದ್ದಾಳೆ.'

ಅಡಕತ್ತರಿ ಎತ್ತಿಕೊಂಡು ಒಂದು ಅಡಿಕೆ ಕತ್ತರಿಸಿದ. ಅರ್ಧ ನನಗೆ ಕೊಟ್ಟ, ಅರ್ಧ ತಾನು ಬಾಯಿಗೆ ಹಾಕಿಕೊಂಡ. ಆಮೇಲೆ ತನ್ನ ಬೆಲ್ಲದ ಚೀಲಗಳ ಕಡೆ ನೋಡಿದ, ನನ್ನ ಕಡೆ ನೋಡಿದ.

'ಅಲ್ಲ ಸ್ವಾಮಿ, ನಮ್ ಚೀಲಾನೆಲ್ಲ ಬುಚ್ಚಿ, ಬುಡದ್ಗಂಟ ಕೈ ಆಕಿ ತಡಕ್ತೀರಲ್ಲ, ನಿಮ್ ಮನೇ ಗಂಟ್ ಒಂದ್ನ ಯಾಕ್ ಬುಚ್ನಿಲ್ಲ?'