ಹೇನು ಹೆಕ್ಕಿದ ಕೈ

ಕೆಟ್ಟ ಕಾಲ ಅಂದರೆ ಮೀಸೆ ಬಿಟ್ಟ ಪರಕೀಯನೊಬ್ಬ ವ್ಯಾನಿನಲ್ಲಿ ಬಂದು ಹೆಣ್ಣುಮಕ್ಕಳ ಬಾಯಿಗೆ ಬಟ್ಟೆ ತುರುಕಿ ಎತ್ತಿಕೊಂಡು ಹೋಗೋದು ಅಂತ ಓಣಿಯ ಹೆಂಗಸರು ನಂಬಿದ್ದಾರೆ. ಮೂಲೆಯ ಅಂಗಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಕ್ಕನಿಗೆ ಈ ಮಾತು ಕೇಳಿದರೆ ನಗು. "ನನ್ನ ಕೊಂಡೊಯ್ದವಳಿಗೆ ಮೀಸೆ ಇರಲಿಲ್ಲ ಕಣ್ರೇ. ತೊಡೆ ಮೇಲೆ ಮಲಗಿಸ್ಕೊಂಡು ತಲೆಯ ಹೇನು ಹೆಕ್ಕಿದ್ಲು, ಆಮೇಲೆ ಬಸ್ಸು ಹತ್ತಿಸಿದ್ಲು."

ಅವಳು ಅತ್ತೆ, ಅಪ್ಪನ ಒಡಹುಟ್ಟಿದವಳು. ಓದಿಸ್ತೀನಿ ಅಂದಳು, ಒಂದು ದೊಡ್ಡ ಮನೆಯಲ್ಲಿ ಮುಸುರೆ ತಿಕ್ಕೋಕೆ ಬಿಟ್ಟಳು. ಸಂಬಳ ಅತ್ತೆಯ ಕೈಗೆ, ಬೈಗುಳ ಇವಳ ಕಿವಿಗೆ. ಆ ಮನೆಗೆ ಬೀಗ ಇರಲಿಲ್ಲ. ದಿನಾ ಬೆಳಿಗ್ಗೆ ಚೀಲ ಹಿಡಿದು ತರಕಾರಿಗೆ ಹೋಗುವವಳು ಇವಳೇ. ಬಸ್ ಸ್ಟ್ಯಾಂಡು ಮಾರ್ಕೆಟ್ಟಿನ ಬೆನ್ನಿಗೇ ಇತ್ತು. ಆದರೆ ಅತ್ತೆ ಹೇಳಿ ಹೋಗಿದ್ದಳು: "ನೀನು ಹೊರಟೆ ಅನ್ನು, ನಿನ್ನ ಜಾಗಕ್ಕೆ ತಂಗೀನ ತಂದು ಕೂರಿಸ್ತೀನಿ." ಅಷ್ಟು ಸಾಕಾಯ್ತು. ಬೇಡಿ ಹಾಕೋಕೆ ಕಬ್ಬಿಣ ಯಾಕೆ ಬೇಕು?

ಆ ದೊಡ್ಡ ಮನೆಯವರು ಮನೆ ಮಾರಿ ಪರದೇಶಕ್ಕೆ ಹೊರಟಾಗ ಹಳೇ ಕುರ್ಚಿಯ ಹಾಗೆ ಇವಳನ್ನೂ ಹೊರಗಿಟ್ಟರು. ಊರಿಗೆ ಬಂದಳು. ಹೊಸಿಲಲ್ಲೇ ಕೇಳಿದಳು, "ತಂಗಿ ಎಲ್ಲಿ?"

ಅಪ್ಪ ಬೀಡಿ ಕಚ್ಚಿಕೊಂಡೇ ಅಂದ: "ನೀನೇ ಕರೆಸ್ಕೊಂಡೆ ಅಂತ ಅತ್ತೆ ಕರ್ಕೊಂಡು ಹೋದ್ಲಲ್ಲ. ನೀನು ಹೋದ ಮಾರನೇ ವರ್ಷವೇ."

ಯಾರನ್ನು ಉಳಿಸೋಕೆ ಅಕ್ಕ ಹರೆಯವೆಲ್ಲ ಬಚ್ಚಲಿಗೆ ಸುರಿದಳೋ, ಆ ಹುಡುಗಿ ಇನ್ಯಾರದೋ ಬಚ್ಚಲಲ್ಲಿ ಇದ್ದಳು.

ತಂಗಿ ಇದ್ದ ಮನೆಯ ವಿಳಾಸವನ್ನು ಅಪ್ಪ ಮುಚ್ಚಿಡಲಿಲ್ಲ, ಮುಚ್ಚಿಡೋದು ಏನಿದೆ ಅಂತಲೇ ಅವನಿಗೆ ತಿಳಿಯಲಿಲ್ಲ. ಅಕ್ಕ ಪೊಲೀಸ್ ಠಾಣೆಗೆ ಹೋದಳು. ಪೇದೆ ಕೇಳಿದ: "ಕೂಡಿ ಹಾಕಿದ್ರಾ ನಿನ್ನ?"

"ಇಲ್ಲ ಸಾರ್. ದಿನಾ ಮಾರ್ಕೆಟ್ಟಿಗೆ ನಾನೇ ಹೋಗ್ತಿದ್ದೆ."

"ಮತ್ತೆ ಓಡೋಕೆ ಕಾಲು ಇರ್ಲಿಲ್ವಾ? ಅನ್ನ ಹಾಕಿದವರ ಮೇಲೇ ದೂರು!"

"ಕಾಲಿತ್ತು ಸಾರ್. ತಂಗಿನೂ ಇದ್ಲು."

ಅವನಿಗೆ ಅರ್ಥವಾಗಲಿಲ್ಲ. ಆದರೂ ಇವಳ ಬಾಯಿಯ ಕಾಟ ತಡೆಯಲಾರದೆ ಬೈಕಿನಲ್ಲಿ ಆ ಮನೆಗೆ ಕರೆದುಕೊಂಡು ಹೋದ.

ಬಾಗಿಲು ತೆಗೆದವಳು ತಂಗಿಯೇ. ಮೈಕೈ ತುಂಬಿಕೊಂಡಿದ್ದಳು, ಒಳ್ಳೆಯ ಚೂಡಿದಾರ, ಕೈಯಲ್ಲಿ ಮೊಬೈಲು. ಯಜಮಾನಿ ಅವಳನ್ನು ಸೋಫಾದ ಮೇಲೆ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ಮನೆ ಮಗಳು ಸಾರ್ ಇವಳು." ತಂಗಿ ಸೋಫಾದ ತುದಿಯಲ್ಲಿ ಹೇಗೆ ಕೂತಿದ್ದಳು ಅಂದರೆ, ಅದರ ಮೇಲೆ ಅವತ್ತೇ ಮೊದಲು ಕೂತದ್ದು ಅಂತ ಅಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಬಲವಂತ ಏನಾದ್ರೂ ಇದೆಯಾಮ್ಮ?" ಪೇದೆ ಕೇಳಿದ.

ತಂಗಿ ಅಕ್ಕನ ಮುಖವನ್ನೇ ನೋಡುತ್ತಾ ಅಂದಳು, "ಇಲ್ಲ ಸಾರ್. ನಾನಾಗೇ ಇದೀನಿ."

ಯಜಮಾನಿ ಕೊಟ್ಟ ಚಹಾ ಕುಡಿದು ಪೇದೆ ಎದ್ದ. ಗೇಟಿನವರೆಗೆ ಬಂದ ತಂಗಿಯ ರಟ್ಟೆ ಹಿಡಿದು ಅಕ್ಕ ಹಲ್ಲು ಕಡಿದಳು. "ಯಾಕೇ ಸುಳ್ಳು ಹೇಳಿದೆ, ಮುಂಡೇದೇ?"

"ನಾನಿಲ್ಲೇ ಇದ್ರೆ ನಿನ್ನನ್ನ ಬಿಟ್ಟುಬಿಡ್ತೀನಿ, ಮತ್ತೆ ಮುಟ್ಟಲ್ಲ ಅಂತ ಅತ್ತೆ ಮಾತು ಕೊಟ್ಟಿದಾಳೆ ಅಕ್ಕಾ. ನೋಡು, ನಿನ್ನ ಬಿಟ್ಟುಬಿಟ್ಲಲ್ಲ! ಅವಳ ಮಾತು ನಿಜ ಆಯ್ತು. ಈಗ ನಾನು ಬಂದ್ರೆ ನಿನ್ನ ಮತ್ತೆ ಒಯ್ತಾಳೆ."

"ಅವಳು ಬಿಟ್ಟಿದ್ದಲ್ಲ ಕಣೇ! ಮನೆಯವರು ಮನೆ ಮಾರಿದ್ರು!"

"ನಿನಗೆ ಗೊತ್ತಾಗಲ್ಲ ಅಕ್ಕಾ," ಅಂದಳು ತಂಗಿ, ಮಗುವಿಗೆ ಹೇಳಿದ ಹಾಗೆ. ಸೋತ ಮುಖವಲ್ಲ, ಗೆದ್ದವಳ ಮುಖ. ಅಕ್ಕನ ಎದೆ ಒಡೆದದ್ದು ಆ ಮುಖ ಕಂಡೇ. ಒಳಗಿನಿಂದ ಯಾರೋ ಕೂಗಿದರು. ತಂಗಿ ಓಡಿದಳು.

"ಹತ್ತಮ್ಮ, ಬಿಡ್ತೀನಿ," ಅಂದ ಪೇದೆ ಬೈಕು ಒದ್ದು. "ಚೆನ್ನಾಗೇ ಇದಾಳಲ್ಲ, ಇನ್ಯಾಕೆ ಅಳು?"

ಅಕ್ಕ ಹತ್ತಲಿಲ್ಲ. ಈಗ ಪ್ರತಿ ಸೋಮವಾರ ಅಂಗಡಿ ಮುಚ್ಚಿ ಆ ಗೇಟಿಗೆ ಹೋಗುತ್ತಾಳೆ. ತಂಗಿ ಬರುತ್ತಾಳೆ, ನಗುತ್ತಾಳೆ, ಅಕ್ಕ ಇನ್ನೂ ಹೊರಗೇ ಇದ್ದಾಳೆ ಅಂತ ಕಣ್ತುಂಬ ನೋಡಿಕೊಂಡು ಒಳಗೆ ಹೋಗುತ್ತಾಳೆ.