ಪಿಯಾನೊದಲ್ಲಿ ನೀರು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಕಾರ್ಖಾನೆಗಳಿರುವ ಎಂಐಡಿಸಿಯ ಬದಿಯಲ್ಲಿ ನನ್ನದೊಂದು ಸಣ್ಣ ಹೋಟೆಲಿದೆ. ಅರ್ಧಕ್ಕೆ ಶಾಲೆ ಬಿಟ್ಟು ಬಂದು, ಇನ್ನೊಬ್ಬರ ಕಾವಲಿಯಲ್ಲಿ ದೋಸೆ ಹುಯ್ದು, ಕೊನೆಗೆ ನನ್ನದೇ ಕಾವಲಿ ಹಚ್ಚಿದವನು ನಾನು. ಕೈಹಾಕಿದ್ದನ್ನು ನಡುವೆ ಬಿಟ್ಟದ್ದು ಆ ಶಾಲೆ ಒಂದನ್ನೇ.

ಒಂದು ಭಾನುವಾರ ಅಲ್ಲೇ ಹತ್ತಿರದ ಸಂಗೀತದ ಕ್ಲಾಸಿನಿಂದ ಇಡ್ಲಿಗೆ ಆರ್ಡರ್ ಬಂದಿತ್ತು. ಒಯ್ದಾಗ ಟೀಚರ್ ಒಬ್ಬರೇ ಪಿಯಾನೊ ನುಡಿಸುತ್ತಿದ್ದರು. ಎಡಗೈಯಲ್ಲಿ ನೀರು ನಿಲ್ಲದೆ ಹರಿಯುತ್ತಿತ್ತು. ಬಲಗೈ ಅದರ ಮೇಲೆ ಆಗೊಮ್ಮೆ ಈಗೊಮ್ಮೆ ಬಿಸಿಲು ಚೆಲ್ಲುತ್ತಿತ್ತು. ಬಿಸಿ ಪಾತ್ರೆ ಕೆಳಗಿಡಲು ಮರೆತು ನಿಂತೆ.

"ಇದು ಎಂತದು ಮೇಡಂ?"

ಅವರು ಮೈಸೂರಿನವರು. "ನೀರಿನ ಬಗ್ಗೆ ಕಟ್ಟಿರೋ ಸಂಗೀತ" ಎಂದರು.

"ನನಗೆ ಕಲಿಸ್ತೀರಾ?"

"ಮೊದಲು ಬೇರೆ ಪಾಠ ತುಂಬ ಇರತ್ತೆ ಸಾರ್."

"ಬೇರೆ ಎಂತದೂ ಬೇಡ. ಇದೊಂದೇ. ಪೂರ್ತಿ."

ಮೇಡಂ ಒಪ್ಪಿದರು. ಮನೆಯಲ್ಲಿ ಹೇಳಿದಾಗ ಮಗಳು ಹಣೆ ಚಚ್ಚಿಕೊಂಡಳು. "ಪಪ್ಪಾ, ವಹಾಂ ಸಬ್ ಬಚ್ಚೇ ಹೋಂಗೇ!" ಅಲ್ಲಿ ಬರುವವರೆಲ್ಲ ಮಕ್ಕಳೇ ಅಂತೆ. ಹೆಂಡತಿ, "ಈ ಪ್ರಾಯದಲ್ಲಿ ಪಿಯಾನೊವಾ? ಮಂಡೆ ಸಮ ಉಂಟಲ್ಲ ನಿಮಗೆ?" ಎಂದಳು.

ಮೊದಲ ದಿನವೇ ಎಡವಟ್ಟು. ಪಿಯಾನೊ ಎದುರು ಕೂತವನೇ ಹೆಗಲ ಬಟ್ಟೆ ತೆಗೆದು, ಬಾಟಲಿಯ ನೀರು ಚಿಮುಕಿಸಿ, ಕೀಗಳನ್ನು ಈ ತುದಿಯಿಂದ ಆ ತುದಿಗೆ ಒರೆಸಿಬಿಟ್ಟೆ. ಮೊದಲ ದೋಸೆಗೆ ಮುಂಚೆ ಕಾವಲಿಗೆ ಮಾಡುವುದು ಅದನ್ನೇ. ಕೈ ತನ್ನಷ್ಟಕ್ಕೆ ಮಾಡಿತು.

"ಅಯ್ಯೋ! ಮರ ಉಬ್ಬಿ ಹೋಗತ್ತೆ!" ಮೇಡಂ ಕಿರುಚಿದರು. ಅಂದಿನಿಂದ ಬಟ್ಟೆಯನ್ನು ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋಗಬೇಕಾಯಿತು.

ಸ್ವರದ ಬರಹ ನನ್ನ ತಲೆಗೆ ಹತ್ತಲಿಲ್ಲ. ಮೇಡಂ ಕೈಗಳನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ಊಟದ ಗಿರಾಕಿ ಖಾಲಿಯಾದ ಮೇಲೆ, ಸಂಜೆ ಚಹಾ ಶುರುವಾಗುವ ತನಕ ಕೌಂಟರಿನ ಗಾಜಿನ ಮೇಲೆ ಬೆರಳಾಡಿಸಿದೆ. ಬೆರಳು ದಾರಿ ಕಲಿತವು, ನೀರು ಬರಲಿಲ್ಲ.

"ಗುದ್ದಬೇಡಿ ಸಾರ್. ಮಣಿಕಟ್ಟು ಸಡಿಲ ಬಿಡಿ" ಎನ್ನುತ್ತಿದ್ದರು ಮೇಡಂ.

ಒಂದು ಬೆಳಿಗ್ಗೆ ಕಾದ ಕಾವಲಿಗೆ ನೀರು ಚಿಮುಕಿಸುವಾಗ ನನ್ನ ಕೈಯನ್ನೇ ನೋಡಿದೆ. ಬಲವೇ ಇಲ್ಲ, ಮಣಿಕಟ್ಟು ಒಂದು ಸಲ ಬಳುಕುತ್ತದೆ, ಹನಿಗಳು ಓಡುತ್ತವೆ. ಮುಂದಿನ ಭಾನುವಾರ ಹಾಗೇ ನುಡಿಸಿದೆ. ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಆದರೂ ಕ್ಲಾಸಿನ ಮಕ್ಕಳ ವಾರ್ಷಿಕ ಕಾರ್ಯಕ್ರಮ ಹತ್ತಿರ ಬಂದಾಗ, "ನೀವೂ ನುಡಿಸಿ ಸಾರ್, ಆದರೆ ಮೊದಲ ಭಾಗ ಸಾಕು. ಆಮೇಲಿನದು ಕಷ್ಟ" ಎಂದರು.

"ಅರ್ಧ ದೋಸೆ ಹುಯ್ದು ನಾನು ಯಾರಿಗೂ ಕೊಟ್ಟವನಲ್ಲ ಮೇಡಂ."

ಕಾರ್ಯಕ್ರಮದ ದಿನ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದೆ. ಹೆಂಡತಿ, ಮಗಳು ಮುಂದಿನ ಸಾಲಿನಲ್ಲಿ. ಮೊದಲ ಭಾಗ ಚೆನ್ನಾಗಿ ಹರಿಯಿತು. ಎರಡನೆಯದು ಶುರುವಾಗಬೇಕು, ಬೆರಳು ಮರೆತವು. ಕೈ ಗಾಳಿಯಲ್ಲೇ ನಿಂತಿತು. ಮುಗಿಯಿತೆಂದು ಪಾಲಕರು ಚಪ್ಪಾಳೆ ಹೊಡೆದರು, ಒಂದಿಬ್ಬರು ಎದ್ದೂ ನಿಂತರು. ಅಲ್ಲೇ ಎದ್ದು ನಮಸ್ಕಾರ ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಡಂ ಕೂಡ ಸಾಕು ಎಂದು ಕಣ್ಣಿನಲ್ಲೇ ಹೇಳಿದರು.

"ಬೈಠೋ, ಬೈಠೋ! ಅಭೀ ಖತಂ ನಹೀಂ ಹುವಾ!" ಕೂತ್ಕೊಳ್ಳಿ, ಇನ್ನೂ ಮುಗಿದಿಲ್ಲ ಎಂದು ಕೂಗಿದೆ, ಹೋಟೆಲಿನಲ್ಲಿ ಟೇಬಲ್ಲಿಗೆ ಕೂಗುವ ಗಂಟಲಿನಲ್ಲೇ. ಸಭೆ ತೆಪ್ಪಗೆ ಕೂತಿತು.

ಸ್ವಲ್ಪ ಹಿಂದಿನಿಂದ ಹಿಡಿದೆ. ಎಡಗೈ ಹರಿಯತೊಡಗಿದ ಮೇಲೆ ಬಲಗೈಗೂ ದಾರಿ ನೆನಪಾಯಿತು. ಎರಡು ಕಡೆ ತಪ್ಪಿತು, ನಿಲ್ಲಿಸಲಿಲ್ಲ. ಕೊನೆಯ ತಗ್ಗು ಸ್ವರ ಒತ್ತಿ, ಅದು ಪೂರ್ತಿ ಇಂಗುವ ತನಕ ಪೆಡಲಿನಿಂದ ಕಾಲು ತೆಗೆಯಲಿಲ್ಲ.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೆಂಡತಿಯೇ ಕೇಳಿದಳು:

"ಮುಗೀತಾ? ಇನ್ನು ತಟ್ಟಬಹುದಾ?"

"ಹಾಂ" ಎಂದೆ. "ಈಗ ತಟ್ಟು."