ಮೂರು ಗೆರೆಗಳ ಗಾಜು

ಚನ್ನಬಸಪ್ಪ ಸರ್ ಅವರ ಬಲಗಣ್ಣಿನ ಸುತ್ತ ಒಂದು ಕಪ್ಪು ಉಂಗುರವಿತ್ತು. ವರ್ಷಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣೊತ್ತಿ ಮೂಡಿದ ಗುರುತು. ಆದೋನಿಯ ಕಾಲೇಜಿನಲ್ಲಿ ನಮಗೆ ಪಾಠ ಹೇಳುವಾಗಲೂ ಅದು ಹಾಗೇ ಇರುತ್ತಿತ್ತು.

ಅವರದು ಹತ್ತಿ ವ್ಯಾಪಾರದ ಮನೆತನ. ಇವರು ಮಾತ್ರ ಅಂಗಡಿ ಬಿಟ್ಟು, ಹಿಂದೆ ಸಂಶೋಧನೆ ಮಾಡಿದ್ದ ವಿಶ್ವವಿದ್ಯಾಲಯದಿಂದ ತಂದ ಗಾಜಿನ ಫಲಕಗಳನ್ನು ಹಿತ್ತಲ ಕೋಣೆಯಲ್ಲಿ ಕೂತು ಹನ್ನೊಂದು ವರ್ಷ ನೋಡಿದರು. ಗಾಜಿನ ಮೇಲಿನ ಫೋಟೋ ಲೇಪದಲ್ಲಿ ಮ್ಯೂಆನ್ ಎಂಬ ಕಣಗಳು ಬಂದು ನಿಂತು ಸತ್ತ ಗೆರೆಗಳಿದ್ದವು. ಸತ್ತಲ್ಲಿಂದ ಒಂದು ಎಲೆಕ್ಟ್ರಾನ್ ಹೊರಡುತ್ತದೆ. ಮಿಕ್ಕ ಶಕ್ತಿಯನ್ನು ಕಾಣದ ನ್ಯೂಟ್ರಿನೋಗಳು ಒಯ್ಯುತ್ತವೆ. ಹಾಗಲ್ಲದೆ ಇಡೀ ಶಕ್ತಿಯನ್ನು ಹೊತ್ತು ಮೂರು ಎಲೆಕ್ಟ್ರಾನ್ ಹೊರಟರೆ, ಮ್ಯೂಆನ್ ತನ್ನ ಕುಲ ಮೀರಿತೆಂದು ಅರ್ಥ. ಅದನ್ನು ಯಾರೂ ಕಂಡಿರಲಿಲ್ಲ.

"ನಮ್ಮೂರಾಗ ಕುಲ ಬಿಟ್ಟು ಮದುವಿ ಆದೋರು ನಾಕು ಮಂದಿ ಅದಾರ. ಇಷ್ಟು ಸಾವಿರ ಮ್ಯೂಆನಿನಾಗ ಒಂದಕ್ಕೂ ಧೈರ್ಯ ಇಲ್ಲ ನೋಡು," ಎನ್ನುತ್ತಿದ್ದರು.

ನಾನು ಎಂ.ಎಸ್ಸಿ. ಮುಗಿಸಿ ಆಲೂರಿಗೆ ಮರಳಿದ ವರ್ಷ ಅವರಿಗೆ ಅಂಥದೊಂದು ಸಿಕ್ಕಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಎಡಗಣ್ಣನ್ನು ತೆಗೆದುಕೊಂಡಿತ್ತು, ಬಲಗಣ್ಣೂ ಮಸುಕಾಗುತ್ತಿತ್ತು. ಪ್ರಬಂಧ ಲಕೋಟೆಯೊಳಗೆ ತಯಾರಿತ್ತು. ಎರಡನೆಯವರು ನೋಡದೆ ಕಳಿಸಬಾರದೆಂದು ನನ್ನನ್ನು ಕರೆಸಿದರು.

"ಅಂಡಿಗಿ ಚೀಲದ ಬಾಯಾಗಿನ ಹತ್ತಿ ನೋಡಿ ರೇಟು ಹೇಳಬಾರದು. ಮೊಣಕೈತನ ಒಳಗ ಕೈ ಹಾಕಬೇಕು. ಇದೂ ಹಂಗ," ಎಂದರು. ಲೇಪಕ್ಕೂ ಆಳವಿರುತ್ತದೆ, ತಿರುಪು ತಿರುಗಿಸುತ್ತ ಪದರ ಪದರವಾಗಿ ಇಳಿಯಬೇಕು.

ಮೊದಲ ದಿನ ಮೂರೂ ಗೆರೆಗಳು ಒಂದೇ ಬಿಂದುವಿನಿಂದ ಹೊರಟಂತೆ ಕಂಡವು. ಮರುದಿನ ನಿಧಾನವಾಗಿ ಇಳಿದಾಗ ಎರಡು ಗೆರೆಗಳು ಬೇರೆಯಾದವು. ಅವು ಹುಟ್ಟಿದ್ದು ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ, ಕೆಳಗೆ. ಮೇಲಿನಿಂದ ನೋಡಿದರೆ ಮಾತ್ರ ಕೂಡಿದಂತೆ ಕಾಣುತ್ತಿದ್ದವು. ಮೂರು ಸಲ ಅಳೆದೆ. ಸರ್ ನನ್ನ ಹಿಂದೆ ಮಂಚದ ಮೇಲೆ ಕೂತಿದ್ದರು.

"ಉಂದಾ, ಲೇದಾ? ಐತೋ ಇಲ್ಲೋ, ಅಷ್ಟ ಹೇಳು ತಂಗಿ."

ಇದೆ ಎಂದಿದ್ದರೆ ಲಕೋಟೆ ಆ ದಿನವೇ ಅಂಚೆಗೆ ಹೋಗುತ್ತಿತ್ತು.

"ಎರಡು ಕೆಳಗ ಅದಾವ್ರಿ ಸರ್."

"ಮೊಣಕೈತನ ಹಾಕಿದ್ಯಾ?"

"ಹಾಕೀನ್ರಿ."

ಅವರು ತಡವರಿಸುತ್ತ ಬಂದು ಕಣ್ಣೊತ್ತಿದರು. ಅವರು ತಿರುಪು ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ, "ಹೌದು, ಕೆಳಗ ಅದಾವ," ಎಂದರು. ಅವರಿಗೆ ಬೆಳಕಿನ ಹೊರತು ಏನೂ ಕಂಡಿರಲಿಲ್ಲ. "ರಿಜಿಸ್ಟರಿನಾಗ ನೀನ ಬರಿ. ಸೊನ್ನಿ."

ಪ್ರತಿ ಫಲಕದ ಎಣಿಕೆ ಬರೆದಿಡುತ್ತಿದ್ದ ರಿಜಿಸ್ಟರಿನಲ್ಲಿ, ಈ ಫಲಕದ ಮುಂದೆ ಅವರು ಬರೆದಿದ್ದ ಒಂದು ಎಂಬ ಅಂಕಿಯ ಮೇಲೆ ಗೆರೆ ಎಳೆದು ಸೊನ್ನೆ ಬರೆದೆ.

ಅದೇ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ರಿಜಿಸ್ಟರನ್ನು ನನ್ನ ಮುಂದಿಟ್ಟರು. "ಕಡೀತನಕ ಕುಂತು ನೋಡಿದ್ರವ್ವ. ಇದು ನಿನಗ ಅಂತ ಹೇಳ್ಯಾರ."

ನನ್ನ ಸೊನ್ನೆಯ ಕೆಳಗೆ ಇನ್ನೂ ಐದು ಫಲಕಗಳ ಸಂಖ್ಯೆಗಳು, ಒಂದರ ಮೇಲೊಂದು ಹತ್ತಿದ ಅಕ್ಷರಗಳಲ್ಲಿ. ಐದಕ್ಕೂ ಸೊನ್ನೆ.

ಕಾಣದ ಕಣ್ಣಿನ ಎಣಿಕೆಯನ್ನು ಸೇರಿಸುವಂತಿಲ್ಲ. ಆಲೂರಿನ ಬಸ್ಸಿನಲ್ಲಿ ಕೂತು ಆ ಐದು ಸಾಲುಗಳನ್ನೂ ಹೊಡೆದುಹಾಕಿದೆ.